ಎರಡು ಹಿಡಿಕೆಯ ಸ್ಟೀಲ್ ಟಂಗ್ ಕ್ಲೀನರ್: ಏಳು ತಿಂಗಳು ಬಳಸಿದ ಮೇಲೆ

ಕನ್ನಡಕ ಹೊಂದಿಸುವುದು ನನ್ನ ಕೆಲಸ. ಗ್ರಾಹಕರ ಮುಖಕ್ಕೂ ನನ್ನ ಮುಖಕ್ಕೂ ನಡುವೆ ಒಂದೂವರೆ ಗೇಣು ಇದ್ದರೆ ಹೆಚ್ಚು. ಕಣ್ಣುಗಳ ನಡುವಿನ ದೂರ ಅಳೆಯುವಾಗ "ನೇರವಾಗಿ ನನ್ನ ಕಣ್ಣನ್ನೇ ನೋಡಿ" ಎನ್ನಬೇಕು. ಹಾಗೆಂದ ತಕ್ಷಣ ಕೆಲವರು ಉಸಿರು ಬಿಗಿಹಿಡಿಯುತ್ತಿದ್ದರು. ಅಳತೆ ತಪ್ಪದಿರಲಿ ಎಂಬ ಕಾಳಜಿ ಇರಬೇಕು ಎಂದು ನಾನು ಬಹುಕಾಲ ನಂಬಿದ್ದೆ. ಒಂದು ದಿನ ಅಕ್ಕನ ಮಗಳ ಶೂ ಲೇಸ್ ಕಟ್ಟುತ್ತ ಏನೋ ಹೇಳುತ್ತಿದ್ದೆ. ಏಳು ವರ್ಷದ ಹುಡುಗಿ ಮೂಗು ಸುಕ್ಕಿಸಿ, "ಮಾವ, ಮಾತನಾಡದೆ ಕಟ್ಟಿ" ಎಂದಳು.

ದಿನಕ್ಕೆರಡು ಬಾರಿ ಹಲ್ಲುಜ್ಜುವ ಮನುಷ್ಯ ನಾನು. ದಂತವೈದ್ಯರು ಹಲ್ಲು, ಒಸಡು ನೋಡಿ ತಕರಾರು ತೆಗೆಯಲಿಲ್ಲ. ನಾಲಿಗೆ ಚಾಚಿಸಿ, ಪ್ಲಾಸ್ಟಿಕ್ ಚಮಚದಿಂದ ಅದರ ಹಿಂಭಾಗವನ್ನು ಮೆಲ್ಲಗೆ ಕೆರೆದು, ಸ್ವಲ್ಪ ಹೊತ್ತು ಬಿಟ್ಟು ಚಮಚವನ್ನು ನನ್ನ ಮೂಗಿನ ಬಳಿ ಹಿಡಿದರು. ಹೆಚ್ಚಿನ ವಿವರಣೆ ಬೇಕಾಗಲಿಲ್ಲ. ತನ್ನ ಬಾಯಿಯ ವಾಸನೆಗೆ ಮೂಗು ಒಗ್ಗಿಹೋಗಿರುತ್ತದೆ, ಹಾಗಾಗಿ ತನಗೆ ತಾನೇ ಗೊತ್ತಾಗುವುದು ಕಷ್ಟ ಎಂದರು. ನನ್ನ ಮರ್ಯಾದೆ ಉಳಿಸಲು ಹೇಳಿದ ಮಾತಲ್ಲ, ನಿಜವೇ ಹಾಗೆ.

ನಾಲಿಗೆಯ ಮೇಲ್ಮೈ ನುಣುಪಾಗಿರುವುದಿಲ್ಲ. ಒತ್ತೊತ್ತಾಗಿ ನಿಂತ ಸಣ್ಣ ಎಳೆಗಳಂಥ ಉಬ್ಬುಗಳು ಅದರ ತುಂಬ ಇರುತ್ತವೆ. ಅವುಗಳ ಸಂದಿಯಲ್ಲಿ ಸತ್ತ ಜೀವಕೋಶ, ಜೊಲ್ಲಿನ ಅಂಶ, ಬ್ಯಾಕ್ಟೀರಿಯಾ ಎಲ್ಲ ಸೇರಿ ಬೆಳ್ಳಗೆ ಕಟ್ಟಿಕೊಳ್ಳುತ್ತವೆ. ಗಾಳಿಯಾಡದ ಜಾಗದಲ್ಲಿ ಬದುಕುವ ಬ್ಯಾಕ್ಟೀರಿಯಾ ಪ್ರೋಟೀನನ್ನು ಒಡೆದಾಗ ಹೈಡ್ರೋಜನ್ ಸಲ್ಫೈಡ್, ಮೀಥೈಲ್ ಮರ್ಕ್ಯಾಪ್ಟನ್ ಮೊದಲಾದ ಗಂಧಕದ ಅನಿಲಗಳು ಹುಟ್ಟುತ್ತವೆ. ಕೊಳೆತ ಮೊಟ್ಟೆ ನಾರುವುದಕ್ಕೂ ಮೊದಲನೆಯದೇ ಕಾರಣ. ರಾತ್ರಿ ಜೊಲ್ಲು ಕಡಿಮೆ ಸುರಿಯುವುದರಿಂದ ತೊಳೆದುಹೋಗಬೇಕಾದ್ದು ಅಲ್ಲೇ ಕೂರುತ್ತದೆ. ಬೆಳಗಿನ ಬಾಯಿಯ ಕಥೆ ಇಷ್ಟೇ.

ಮೊದಲು ಬ್ರಷ್ಷಿನಿಂದಲೇ ನಾಲಿಗೆ ತಿಕ್ಕಿದೆ. ಅದರ ತಲೆ ಎತ್ತರ, ಗಂಟಲ ಹತ್ತಿರ ಹೋದೊಡನೆ ಮೇಲಂಗುಳಕ್ಕೆ ತಾಗಿ ಓಕರಿಕೆ. ಬಿಳಿಯದು ಹೊರಗೆ ಬರುವ ಬದಲು ಅತ್ತಿಂದಿತ್ತ ಹರಡಿಕೊಳ್ಳುತ್ತಿತ್ತು. ಆಮೇಲೆ ಪ್ಲಾಸ್ಟಿಕ್ಕಿನದು ತಂದೆ. ಬಾಗಿಸಿದಷ್ಟೂ ಬಾಗಿ, ಒತ್ತಬೇಕಾದ ಕಡೆ ಒತ್ತದೆ, ಮೂರನೆಯ ವಾರ ನಡುವೆ ಬಿಳಿಗೆರೆ ಬಿದ್ದು ಮುರಿಯಿತು. ತಾಮ್ರದ್ದೂ ಒಂದು ಇತ್ತು. ನೋಡಲು ಅದರಷ್ಟು ಚಂದದ್ದು ಇನ್ನೊಂದಿಲ್ಲ, ಆದರೆ ಒರೆಸಿಡಲು ಒಂದು ದಿನ ಮರೆತರೆ ಕಪ್ಪಾಗಿ, ನಾಲ್ಕು ದಿನ ಮರೆತರೆ ಕಿಲುಬು ಹಿಡಿಯುತ್ತಿತ್ತು. ನಾಲಿಗೆಯನ್ನು ಕಾಯುವುದೋ ತಾಮ್ರವನ್ನು ಕಾಯುವುದೋ? ಕೈಬಿಟ್ಟೆ.

ಈಗಿನದು ಸ್ಟೇನ್‌ಲೆಸ್ ಸ್ಟೀಲಿನ ತೆಳು ಪಟ್ಟಿ. ಕಮಾನಿನಂತೆ ಬಾಗಿದೆ, ಎರಡು ತುದಿಗೂ ರಬ್ಬರಿನ ಹಿಡಿಕೆ. ಮೊದಲು ಬಂದ ಪಟ್ಟಿ ಮೊದಲ ದಿನವೇ ನಾಲಿಗೆಯ ಎಡ ಅಂಚನ್ನು ಚುಚ್ಚಿತು. ಕಣ್ಣಿಗೆ ಏನೂ ಕಾಣಲಿಲ್ಲ. ಲೆನ್ಸ್ ಒರೆಸುವ ಮೆತ್ತನೆಯ ಬಟ್ಟೆಯನ್ನು ಅಂಚಿನ ಉದ್ದಕ್ಕೂ ಎಳೆದು ನೋಡಿದೆ. ಒಂದು ಕಡೆ ಬಟ್ಟೆಯ ಎಳೆ ಚಕ್ಕನೆ ಸಿಕ್ಕಿಕೊಂಡಿತು. ಕತ್ತರಿಸಿದ ಮೇಲೆ ಅರ ಹಾಕಿ ನುಣುಪು ಮಾಡಿರಲಿಲ್ಲ. ಮಾರಿದವರು ಮರುಮಾತಿಲ್ಲದೆ ಬದಲಿಸಿ ಕೊಟ್ಟರು, ಅದನ್ನು ಒಪ್ಪುತ್ತೇನೆ. ಆದರೆ ಬಾಯಿಗೆ ಹಾಕುವ ವಸ್ತುವಿನ ಅಂಚನ್ನು ನಾನು ಪರೀಕ್ಷಿಸಬೇಕಾಯಿತಲ್ಲ! ನೀವು ಯಾವುದನ್ನೇ ಕೊಂಡರೂ ಬಟ್ಟೆಯ ಪರೀಕ್ಷೆ ಮಾಡದೆ ಬಳಸಬೇಡಿ.

ಎರಡನೆಯದು ಚೆನ್ನಾಗಿದೆ. ಕಮಾನು ನನಗೆ ತುಸು ಕಿರಿದಾಗಿತ್ತು. ಫ್ರೇಮಿನ ಕಡ್ಡಿ ಸಡಿಲಿಸುವ ಹಾಗೆ ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಅಗಲಿಸಿಕೊಂಡೆ. ಹಾಗೆ ಬಾಗಿಸಿದ ಮೇಲೂ ಆಕಾರ ಬಿಡದೆ ನಿಂತಿದೆ. ಬಳಸುವ ಕ್ರಮ ನಾನು ಕಲಿತದ್ದು ತಪ್ಪು ಮಾಡಿ. ಮೊದಲ ವಾರ ಪಾತ್ರೆಯ ತಳ ಕೆರೆದ ಹಾಗೆ ಕೆರೆದು ನಾಲಿಗೆ ಕೆಂಪಾಗಿ ಉರಿಯಿತು. ಬಲ ಬೇಕಾಗಿಯೇ ಇಲ್ಲ. ಪಟ್ಟಿಯನ್ನು ಹಿಂದೆ ಇಟ್ಟು, ಉಸಿರು ಹೊರಗೆ ಬಿಡುತ್ತ, ತುದಿಯ ಕಡೆಗೆ ಎಳೆಯಬೇಕು, ಹಿಂದಕ್ಕೆ ತಳ್ಳಬಾರದು. ಪ್ರತಿ ಸಲ ನಲ್ಲಿಯ ಕೆಳಗೆ ತೊಳೆದು ಮತ್ತೆ. ಮೂರು ನಾಲ್ಕು ಸಲ ಸಾಕು. ಓಕರಿಕೆ ಬರುವವರು ನಡುವಿನಿಂದ ಶುರುಮಾಡಿ ದಿನಕ್ಕೊಂದು ಕೂದಲೆಳೆಯಷ್ಟು ಹಿಂದೆ ಸರಿಯಲಿ. ನನಗೆ ಹತ್ತು ದಿನ ಹಿಡಿಯಿತು.

ಪೆಟ್ಟಿಗೆಯ ಮೇಲೆ ದೇಹದ ವಿಷವೆಲ್ಲ ಹೊರಹೋಗುತ್ತದೆ ಎಂದು ದಪ್ಪಕ್ಷರದಲ್ಲಿ ಬರೆದಿದ್ದಾರೆ. ಬರುವುದು ಬಿಳಿ ಲೋಳೆ, ಅಷ್ಟೇ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿನೋಡುವ ಕಾಕ್ರೇನ್ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅವಲೋಕನವೊಂದರ ಪ್ರಕಾರ, ಗಂಧಕದ ಅನಿಲ ತಗ್ಗಿಸುವುದರಲ್ಲಿ ಇಂಥ ಪಟ್ಟಿಗಳು ಬ್ರಷ್ಷಿಗಿಂತ ಸ್ವಲ್ಪ ಮುಂದು. ಅದೂ ಒಟ್ಟು 40 ಜನರ ಎರಡು ಪುಟ್ಟ ಪ್ರಯೋಗಗಳಿಂದ ತಿಳಿದದ್ದು, ಸಾಕ್ಷ್ಯ ದುರ್ಬಲ ಎಂದು ಅವರೇ ಹೇಳಿದ್ದಾರೆ. ನನ್ನ ಅನುಭವವೂ ಹೆಚ್ಚು ಕಡಿಮೆ ಇದೇ: ಬೆಳಿಗ್ಗೆ ಕೆರೆದದ್ದರ ಫಲ ಸಂಜೆಯವರೆಗೆ ನಿಲ್ಲುವುದಿಲ್ಲ, ಹೀಗಾಗಿ ರಾತ್ರಿ ಇನ್ನೊಮ್ಮೆ. ಹಲ್ಲಿನ ಸಂದಿ, ಒಸಡಿನ ತೊಂದರೆ ಇದ್ದವರಿಗೆ ನಾಲಿಗೆಯೊಂದನ್ನೇ ಉಜ್ಜಿ ಪ್ರಯೋಜನವಿಲ್ಲ. ಎಷ್ಟು ಕೆರೆದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ ಎರಡು ವಾರ ದಾಟಿ ಉಳಿದರೆ ಅದು ಪಟ್ಟಿಯ ಕೆಲಸವಲ್ಲ, ವೈದ್ಯರದ್ದು.

ಇನ್ನು ಆ ರಬ್ಬರಿನ ಹಿಡಿಕೆ. ಒದ್ದೆ ಕೈಯಲ್ಲಿ ಜಾರುವುದಿಲ್ಲ, ಸರಿ. ಆದರೆ ನಾಲ್ಕನೆಯ ತಿಂಗಳು ಹಿಡಿಕೆಯ ಬಾಯಲ್ಲಿ ಕಪ್ಪು ಗೆರೆ ಕಂಡಿತು. ಎಳೆದು ತೆಗೆದರೆ ಒಳಗೆ ನೀರು ನಿಂತು ಪಾಚಿಯಂಥದ್ದು ಅಂಟಿತ್ತು. ಬಾಯಿ ಶುಚಿ ಮಾಡುವ ಸಾಧನಕ್ಕೇ ಬಾಯಿ ವಾಸನೆ! ಐದು ನಕ್ಷತ್ರದಲ್ಲಿ ಒಂದೂವರೆಯನ್ನು ಇದೊಂದಕ್ಕೇ ಕಡಿಯುತ್ತಿದ್ದೇನೆ. ಈಗ ಹಿಡಿಕೆಗಳನ್ನು ಎಸೆದು, ಬರೀ ಸ್ಟೀಲನ್ನು ಹಿಡಿದು ಎಳೆಯುತ್ತೇನೆ. ಜಾರುತ್ತದೆ, ಬೆರಳು ಒರೆಸಿಕೊಳ್ಳುತ್ತೇನೆ. ಅಕ್ಕನ ಮಗಳಿಗೆ ಈಗ ಲೇಸ್ ಇಲ್ಲದ ಶೂ ಕೊಡಿಸಿದ್ದಾರೆ, ಆ ಕಡೆಯ ಅಭಿಪ್ರಾಯ ಇನ್ನೂ ಬಂದಿಲ್ಲ.