ಸಕ್ಸೆಷನ್ ಸರ್ಟಿಫಿಕೇಟ್ ಮಾಡಿಸೋರು ವಂಶವೃಕ್ಷದಲ್ಲಿ ಯಾರ್ಯಾರ ಹೆಸರಿದೆ ಮೊದ್ಲು ನೋಡ್ಕೊಳ್ಳಿ

ತಾಲ್ಲೂಕು ಕೋರ್ಟ್ ಎದುರಿಗೆ ಜೆರಾಕ್ಸ್, ಟೈಪಿಂಗ್ ಅಂಗಡಿ ಇಟ್ಕೊಂಡು "ಸಕ್ಸೆಷನ್ ನಾನ್ ಮಾಡಿಸ್ಕೊಡ್ತೀನಿ, ನೀವು ಸಹಿ ಹಾಕಿ ಸಾಕು" ಅನ್ನೋ ಏಜೆಂಟ್‌ಗಳು ಇರ್ತಾರಲ್ಲ, ಅಂಥವರ ಕೈಗೆ ಫೈಲ್ ಕೊಡೋಕೆ ಮುಂಚೆ ಇದನ್ನ ಓದಿ. ಸಕ್ಸೆಷನ್ ಸರ್ಟಿಫಿಕೇಟ್ ಅಂದ್ರೆ ತೀರ್ಕೊಂಡೋರ ಬ್ಯಾಂಕ್ ದುಡ್ಡು ಇಂಥದ್ದನ್ನ ವಾರಸುದಾರರು ತಗೊಳ್ಳೋಕೆ ಕೋರ್ಟ್ ಕೊಡೋ ಪತ್ರ. ಊರಲ್ಲಿರೋ ವಯಸ್ಸಾದವ್ರಿಗೆ ಓದಿ ಹೇಳಿ, ಮೋಸ ಹೋಗೋದು ಜಾಸ್ತಿ ಅವ್ರೇ.

ನಮ್ಮಪ್ಪ ತೀರ್ಕೊಂಡಾಗ ಬ್ಯಾಂಕಲ್ಲಿ ಒಂದಿಷ್ಟು ಎಫ್‌ಡಿ ಇತ್ತು, ನಾಮಿನಿ ಕಾಲಂ ಖಾಲಿ. ಮ್ಯಾನೇಜರ್ ಸಕ್ಸೆಷನ್ ಸರ್ಟಿಫಿಕೇಟ್ ತನ್ನಿ ಅಂದ್ರು. ಅಣ್ಣ ಊರಲ್ಲಿರೋದು, ನಾನು ಬೆಂಗಳೂರಲ್ಲಿ. ಯಾರೋ ಒಬ್ರು ಆ ಏಜೆಂಟ್‌ನ ತೋರಿಸಿದ್ರು, ಅವನು ಒಂದು ಮೊತ್ತ ಹೇಳಿ, ಲಾಯರ್ ಫೀ, ಕೋರ್ಟ್ ಫೀ, ಪೇಪರ್ ಪಬ್ಲಿಕೇಷನ್, "ಒಳಗಡೆ ಖರ್ಚು" ಎಲ್ಲಾ ಸೇರಿ ಅಂತ ಅರ್ಧ ದುಡ್ಡು ಮುಂಚೆನೇ ಇಸ್ಕೊಂಡ. ರಸೀದಿ ಇಲ್ಲ. ಒಂದೇ ಸರ್ಟಿಫಿಕೇಟಲ್ಲಿ ಪಹಣಿನೂ ನಿಮ್ಮ ಹೆಸರಿಗೆ ಬರುತ್ತೆ ಅಂತ ಬೇರೆ ಹೇಳಿದ್ದ. ಅದು ಶುದ್ಧ ಸುಳ್ಳು. ಸಕ್ಸೆಷನ್ ಸರ್ಟಿಫಿಕೇಟ್ ಇರೋದು ಬ್ಯಾಂಕ್ ದುಡ್ಡು, ಷೇರು, ಬಾಂಡು, ತೀರ್ಕೊಂಡೋರಿಗೆ ಬರಬೇಕಾಗಿದ್ದ ಸಾಲ ಇಂಥದ್ದಕ್ಕೆ ಮಾತ್ರ. ಜಮೀನಿಗೆ ನಾಡಕಚೇರಿಲಿ ಪೌತಿ ಖಾತೆ (ತೀರ್ಕೊಂಡೋರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯ್ಸೋದು) ಅರ್ಜಿ ಹಾಕ್ಬೇಕು, ಅದು ರೆವಿನ್ಯೂ ಕಡೆ ಕೆಲಸ, ಕೋರ್ಟಿಗೂ ಅದಕ್ಕೂ ಸಂಬಂಧ ಇಲ್ಲ.

ಈಗ ಮೇನ್ ವಿಷಯಕ್ಕೆ ಬರ್ತೀನಿ. ಅವನು ಮಾಡಿಸಿದ ವಂಶವೃಕ್ಷದಲ್ಲಿ ಇದ್ದಿದ್ದು ಅಮ್ಮ ಮತ್ತೆ ಅಣ್ಣ, ಇಬ್ರೇ. ನನ್ನ ಹೆಸರಿಲ್ಲ, ನಮ್ಮಜ್ಜಿ (ಅಪ್ಪನ ಅಮ್ಮ) ಹೆಸರೂ ಇಲ್ಲ. ಅರ್ಜಿಲಿ ಅಣ್ಣನ್ನ "ಮೃತರ ಏಕೈಕ ಸಂತಾನ" ಅಂತ ಬರೆದಿದ್ದಾನೆ ಪುಣ್ಯಾತ್ಮ. ಅಣ್ಣ ಕೇಳಿದ್ದಕ್ಕೆ "ಮದುವೆ ಆಗಿರೋ ಹೆಣ್ಮಕ್ಳದ್ದು ಹಾಕಿದ್ರೆ ಅವ್ರು ಬೆಂಗ್ಳೂರಿಂದ ಬರ್ಬೇಕು, ಸಹಿ ಹಾಕ್ಬೇಕು, ಸುಮ್ನೆ ಲೇಟು, ಪೇಪರಲ್ಲಿ ನೋಟಿಸ್ ಬಂದ್ರೂ ಯಾರೂ ಆಬ್ಜೆಕ್ಷನ್ ಹಾಕಲ್ಲ ಬಿಡಿ" ಅಂದನಂತೆ. ಅಣ್ಣ ಕೆಟ್ಟವನಲ್ಲ, ದುಡ್ಡು ಬಂದ್ಮೇಲೆ ಹೆಂಗಿದ್ರೂ ಹಂಚ್ಕೋತೀವಲ್ಲ ಅಂತ ಸುಮ್ನಾಗಿದ್ದಾನೆ. ಅಮ್ಮನಿಗೆ ಯಾವ ಪೇಪರ್ ಏನು ಅಂತಾನೇ ಗೊತ್ತಿಲ್ಲ, ಪೆನ್ಸಿಲಲ್ಲಿ ರೈಟ್ ಮಾರ್ಕ್ ಹಾಕಿರೋ ಕಡೆಯೆಲ್ಲಾ ಸಹಿ ಹಾಕಿದ್ದಾರೆ, ಲಾಯರ್‌ಗೆ ಕೇಸ್ ನಡೆಸೋಕೆ ಅಧಿಕಾರ ಕೊಡೋ ವಕಾಲತ್ತಿಗೂ ಹಂಗೇ. ಲಾಯರ್ ಮುಖ ಅವ್ರು ಮೊದಲನೇ ಸಲ ನೋಡಿದ್ದು ಸಾಕ್ಷಿ ಹೇಳೋ ದಿನ.

ಅವತ್ತು ನಾನೂ ಹೋಗಿದ್ದೆ, ಕೋರ್ಟ್ ಹಾಲಲ್ಲಿ ಹಿಂದೆ ಕೂತಿದ್ದೆ. ಇಂಥ ಕೇಸಲ್ಲಿ ಸಾಕ್ಷಿ ಎಲ್ಲಾ ಅಫಿಡವಿಟ್‌ನಲ್ಲೇ ಟೈಪ್ ಆಗಿರುತ್ತೆ, ಸಹಿ ನಿಮ್ದೇನಾ ಅಂತ ಕೇಳಿ, ದಾಖಲೆಗೆ ನಂಬರ್ ಹಾಕಿ ಮುಗಿಸ್ತಾರೆ. ಆದ್ರೆ ಅವತ್ತು ಜಡ್ಜ್ ಮೇಡಂ ಪುಟ ತಿರುಗಿಸ್ತಾ ಅಮ್ಮನ್ನ ನೋಡಿ, ಎಷ್ಟು ಜನ ಮಕ್ಕಳಮ್ಮ ಅಂದ್ರು.

"ಇಬ್ರು ತಾಯಿ. ಮಗ ಇಲ್ಲೇ ಅವ್ನೆ, ಮಗಳ್ನ ಬೆಂಗ್ಳೂರಿಗೆ ಕೊಟ್ಟಿದೀವಿ."

"ನಿಮ್ಮ ಯಜಮಾನ್ರ ತಾಯಿ ಇದಾರಾ?"

"ಮನೇಲೇ ಅವ್ರೆ. ಮುದ್ದೆ ನುಂಗಕ್ಕಾಗಲ್ಲ ಈಗ, ಗಂಜಿ ಮಾಡಿಟ್ಟು ಬಂದೆ."

ಲಾಯರ್ ಫೈಲ್ ನೋಡ್ತಾ ನಿಂತ್ಬಿಟ್ರು. ಮೇಡಂ ವಂಶವೃಕ್ಷ ತೆಗ್ದು, ಇದರಲ್ಲಿ ಇವರಿಬ್ಬರೂ ಎಲ್ಲಿ ಅಂತ ಕೇಳಿದ್ರು. ಸುಳ್ಳು ಅಫಿಡವಿಟ್‌ಗೆ ಕೇಸ್ ಆಗುತ್ತೆ ಗೊತ್ತಾ ಅಂತ ಜೋರಾಗೇ ಹೇಳಿದ್ರು, ಅಮ್ಮ ಅಲ್ಲೇ ಕಟಕಟೆ ಹಿಡ್ಕೊಂಡು ಅಳೋಕೆ ಶುರು ಮಾಡಿದ್ರು. ಪುಣ್ಯಕ್ಕೆ ಮೇಡಂ ಪರಿಸ್ಥಿತಿ ಅರ್ಥ ಮಾಡ್ಕೊಂಡು, ಅರ್ಜಿ ವಾಪಸ್ ತಗೊಂಡು ಸರಿ ಮಾಡಿ ಹೊಸದಾಗಿ ಹಾಕಿ ಅಂತ ಬಿಟ್ರು. ಬೇರೆಯವ್ರಾಗಿದ್ರೆ ಏನಾಗ್ತಿತ್ತೋ.

ಇಲ್ಲಿ ಒಂದು ಮಾತು ತಲೇಲಿಟ್ಕೊಳ್ಳಿ, ಆ ಇಡೀ ಫೈಲಲ್ಲಿ ಏಜೆಂಟ್ ಹೆಸರು ಒಂದು ಕಡೆನೂ ಇಲ್ಲ. ಸಹಿ ಅಮ್ಮಂದು, ನೋಟರಿ ಮುಂದೆ ಪ್ರಮಾಣ ಮಾಡಿದ್ದು ಅಮ್ಮ, ಜೈಲು ಅಂತ ಬಂದ್ರೆ ಹೋಗೋದೂ ಅಮ್ಮ. ಅವನು ಅವತ್ತು ಹೊರಗಡೆ ಟೀ ಅಂಗಡಿಲಿ ಇನ್ನೊಬ್ಬ ಪಾರ್ಟಿ ಹತ್ರ ಮಾತಾಡ್ತಾ ಕೂತಿದ್ದ.

ಅಜ್ಜಿ ಯಾಕೆ ಅಂತ ಸುಮಾರು ಜನಕ್ಕೆ ಗೊತ್ತಿಲ್ಲ, ಅದಕ್ಕೇ ಬಿಡಿಸಿ ಹೇಳ್ತೀನಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ವಿಲ್ ಬರೀದೆ ಗಂಡಸು ತೀರ್ಕೊಂಡ್ರೆ ಅವನ ಸ್ವಂತ ದುಡ್ಡಲ್ಲಿ ಹೆಂಡ್ತಿ, ಗಂಡ್ಮಕ್ಳು, ಹೆಣ್ಮಕ್ಳು, ಮತ್ತೆ ಅವನ ತಾಯಿ, ಇವ್ರೆಲ್ಲಾ ಮೊದಲನೇ ದರ್ಜೆ ವಾರಸುದಾರರು, ಎಲ್ರಿಗೂ ಸಮಪಾಲು. ಹೆಣ್ಮಕ್ಳಿಗೆ ಮದುವೆ ಆಗಿದ್ಯೋ ಇಲ್ವೋ ಅನ್ನೋ ಪ್ರಶ್ನೆನೇ ಇಲ್ಲ. ತಂದೆ ಬದುಕಿದ್ರೆ ಅವರು ಎರಡನೇ ದರ್ಜೆ, ಮೇಲಿನೋರು ಯಾರಾದ್ರೂ ಇದ್ರೆ ಅವರಿಗೆ ಬರಲ್ಲ. ಅಂದ್ರೆ ನಮ್ಮನೆ ಲೆಕ್ಕದಲ್ಲಿ ನಾಲ್ಕು ಪಾಲು, ಅದರಲ್ಲಿ ಒಂದು ಅಜ್ಜಿದು. ಅಜ್ಜಿ ಪಾಲು ನಾಳೆ ಚಿಕ್ಕಪ್ಪಂದಿರಿಗೂ ಹೋಗುತ್ತೆ ಅನ್ನೋ ಭಯಕ್ಕೇ ಎಷ್ಟೋ ಕಡೆ ಅಜ್ಜಿ ಹೆಸರನ್ನ ಬೇಕಂತಲೇ ಬಿಡ್ತಾರೆ. ಅಕಸ್ಮಾತ್ ಹಂಗೇ ಸರ್ಟಿಫಿಕೇಟ್ ಸಿಕ್ಕಿದ್ರೂ ನೆಮ್ಮದಿ ಇಲ್ಲ, ವಿಷಯ ಮುಚ್ಚಿಟ್ಟು ತಗೊಂಡಿದ್ದಾರೆ ಅಂತ ಗೊತ್ತಾದ್ರೆ 1925ರ ಸಕ್ಸೆಷನ್ ಆಕ್ಟ್‌ನ 383ನೇ ಸೆಕ್ಷನ್ ಪ್ರಕಾರ ಅದನ್ನ ರದ್ದು ಮಾಡಬಹುದು. ನಮ್ಮಜ್ಜಿಗೆ ವಿಷಯ ಹೇಳಿದ್ರೆ "ದುಡ್ಡು ಯಾರ್ಗೆ ಬೇಕು, ನನ್ ಹೆಸ್ರೇ ಬಿಟ್ಟವ್ನೆ ಅಂದ್ರೆ ನಾನೇನ್ ಸತ್ತೋಗಿದ್ನಾ" ಅಂತ ಎರಡು ದಿನ ಬೈದ್ರು, ಆಮೇಲೆ ಆಕ್ಷೇಪಣೆ ಇಲ್ಲ ಅಂತ ಹೆಬ್ಬೆಟ್ಟು ಒತ್ತಿದ್ರು. ಮೊದಲೇ ಕೇಳಿದ್ರೆ ಮುಗ್ದೋಗ್ತಿತ್ತು!

ಇನ್ನೊಂದು, ಏಜೆಂಟ್ ಫೋನ್ ಮಾಡಿದಾಗೆಲ್ಲಾ "ಸಾಹೇಬ್ರು ರಜಾ", "ಇನ್‌ಚಾರ್ಜ್ ಕೋರ್ಟು", "ವಕೀಲರ ಕಲಾಪ ಬಹಿಷ್ಕಾರ" ಅಂತಿದ್ದ. ನಾನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸ್ ಹಾಕಿ ನೋಡಿದ್ರೆ ಅವತ್ತೆಲ್ಲಾ ಕೋರ್ಟ್ ನಡೆದಿದೆ, ನಮ್ಮ ಕಡೆಯಿಂದಲೇ ಪೇಪರ್ ಪಬ್ಲಿಕೇಷನ್‌ಗೆ ಸ್ಟೆಪ್ಸ್ ತಗೊಂಡಿಲ್ಲ ಅಂತ ಮುಂದಕ್ಕೆ ಹಾಕಿದ್ದಾರೆ. ಪ್ರತಿ ಕೇಸಿಗೂ 16 ಅಕ್ಷರದ ಸಿಎನ್‌ಆರ್ ನಂಬರ್ ಇರುತ್ತೆ, ಫೈಲ್ ಮಾಡಿದ ತಕ್ಷಣ ಅದನ್ನ ಇಸ್ಕೊಳ್ಳಿ, ಕೊಡಕ್ಕೆ ಹಿಂದೆಮುಂದೆ ನೋಡಿದ್ರೆ ಅಲ್ಲೇ ಅರ್ಥ ಮಾಡ್ಕೊಳ್ಳಿ. ಕೋರ್ಟ್ ಫೀ ಕಟ್ಟಿದೀನಿ ಅಂದ್ರೆ ಚಲನ್ ಕೇಳಿ.

ಕೋರ್ಟಿಗೆ ಹೋಗೋದೇ ಬೇಕಾ ಅನ್ನೋದೂ ನೋಡಿ. ಆರ್‌ಬಿಐ 2025ರ ಸೆಪ್ಟೆಂಬರಲ್ಲಿ ಹೊಸ ನಿಯಮ ತಂದಿದೆ: ನಾಮಿನಿ ಇಲ್ದಿದ್ರೂ, ವಿಲ್ ಇಲ್ದೆ, ತಕರಾರೂ ಇಲ್ದಿದ್ರೆ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕಾದ್ರೆ 5 ಲಕ್ಷದವರೆಗೆ, ಸಕ್ಸೆಷನ್ ಸರ್ಟಿಫಿಕೇಟ್ ಕೇಳದೆ ಇಂಡೆಮ್ನಿಟಿ ಬಾಂಡ್ (ಮುಂದೆ ಬ್ಯಾಂಕಿಗೆ ನಷ್ಟ ಆದ್ರೆ ನಾವು ತುಂಬಿಕೊಡ್ತೀವಿ ಅನ್ನೋ ಪತ್ರ), ಉಳಿದ ವಾರಸುದಾರರ ಒಪ್ಪಿಗೆ ಪತ್ರ ಇಂಥದ್ದು ತಗೊಂಡೇ ಇತ್ಯರ್ಥ ಮಾಡ್ಬೇಕು. 2026ರ ಮಾರ್ಚ್ 31ರೊಳಗೆ ಜಾರಿ ಆಗ್ಬೇಕು ಅಂತ ಗಡುವು ಕೊಟ್ಟಿದ್ರು. ನಮ್ದು ಅದಕ್ಕೂ ಮುಂಚಿನ ಕಥೆ. ಬ್ರಾಂಚಲ್ಲಿ ಬಾಯಿ ಮಾತಲ್ಲಿ ಆಗಲ್ಲ ಅಂದ್ರೆ ಅದನ್ನೇ ಬರವಣಿಗೆಲಿ ಕೊಡಿ ಅನ್ನಿ. ವಿಲ್ ಇದ್ದೋರಿಗೆ "ಪ್ರೊಬೇಟ್ (ವಿಲ್ ನಿಜ ಅಂತ ಕೋರ್ಟಿಂದ ದೃಢೀಕರಣ) ಮಾಡಿಸಲೇಬೇಕು" ಅಂತ ಹೆದರ್ಸೋರೂ ಇದಾರೆ, ಕರ್ನಾಟಕದಲ್ಲಿ ಹಿಂದೂಗಳ ವಿಲ್‌ಗೆ ಅದು ಕಡ್ಡಾಯ ಅಲ್ಲ.

ಲಾಯರ್ ಬೇಕೇ ಬೇಕು ಅಂದ್ರೆ ಅದೇ ಕೋರ್ಟ್ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಅಂತ ಇರುತ್ತೆ, ಹೆಂಗಸರಿಗೆ ಆದಾಯ ಎಷ್ಟೇ ಇದ್ರೂ ಉಚಿತವಾಗಿ ವಕೀಲರನ್ನ ಕೊಡ್ತಾರೆ. 15100ಕ್ಕೆ ಫೋನ್ ಮಾಡಿದ್ರೂ ಹೇಳ್ತಾರೆ. ಅಮ್ಮನ ಹೊಸ ಅರ್ಜಿ ಈಗ ಹಂಗೇ ನಡೀತಿದೆ, ಅಜ್ಜಿ ಹೆಸರು, ನನ್ನ ಹೆಸರು ಎರಡೂ ಇವೆ. ಏಜೆಂಟ್ ಮಾತ್ರ ನಮ್ಮ ಒರಿಜಿನಲ್ ಎಫ್‌ಡಿ ರಸೀದಿ ವಾಪಸ್ ಕೊಡೋಕೆ ಬಾಕಿ ದುಡ್ಡು ಕೊಡಿ ಅಂತ ಕೂತ, ಪೊಲೀಸ್ ಕಂಪ್ಲೇಂಟ್ ಬರೀತೀವಿ ಅಂದ್ಮೇಲೆ ಅಂಗಡಿ ಹುಡುಗನ ಕೈಲಿ ಕಳಿಸಿದ. ಮೊದಲು ಕೊಟ್ಟ ದುಡ್ಡು ವಾಪಸ್ ಬಂದಿಲ್ಲ. ಒರಿಜಿನಲ್ ಯಾರ ಕೈಗೂ ಕೊಡ್ಬೇಡಿ, ಸಾಕ್ಷಿ ಹೇಳೋ ದಿನ ನೀವೇ ಹಿಡ್ಕೊಂಡು ಹೋಗಿ ಕೋರ್ಟಲ್ಲಿ ಕೊಡಿ, ಅಲ್ಲಿವರೆಗೂ ಜೆರಾಕ್ಸ್ ಸಾಕು.