ಪದರದ ಉಕ್ಕಿನ ಚಾಕು: ಖಾನಾವಳಿಯ ಅಡುಗೆಮನೆಯಲ್ಲಿ ಮೂರು ವರ್ಷ

ಗಂಗಾವತಿಯಲ್ಲಿ ನನ್ನದು ಚಿಕ್ಕ ಖಾನಾವಳಿ. ಮಧ್ಯಾಹ್ನದ ಊಟಕ್ಕೆ ಹತ್ತು ಕಿಲೊ ಉಳ್ಳಾಗಡ್ಡಿ, ಐದಾರು ಕಿಲೊ ಬದನೆಕಾಯಿ, ರೊಟ್ಟಿಯ ಜೊತೆಗೆ ಸೌತೆಕಾಯಿ, ಮೂಲಂಗಿ, ಮೆಂತ್ಯ ಸೊಪ್ಪು. ಬೆಳಿಗ್ಗೆ ಹತ್ತರೊಳಗೆ ಎಲ್ಲ ಹೆಚ್ಚಿ ಮುಗಿಯಬೇಕು. ಈ ಕೆಲಸಕ್ಕೆ ಮೂರು ವರ್ಷದಿಂದ ಒಂದೇ ಚಾಕು ಬಳಸುತ್ತಿದ್ದೇನೆ. ಹತ್ತಿರದ ಹಳ್ಳಿಯ ಕಮ್ಮಾರರೊಬ್ಬರು ಕೈಯಿಂದಲೇ ಬಡಿದು ಮಾಡಿಕೊಟ್ಟದ್ದು. ಅಲಗು ಎಂಟು ಇಂಚು, ಬೆನ್ನು ಎರಡೂವರೆ ಮಿಲಿಮೀಟರ್ ದಪ್ಪ, ಜಾಲಿ ಮರದ ಹಿಡಿಕೆ. ಕೊಟ್ಟದ್ದು 6,500 ರೂಪಾಯಿ, ಕಾದದ್ದು ಆರು ವಾರ.

ಇದಕ್ಕೂ ಮೊದಲು ಆನ್‌ಲೈನ್‌ನಲ್ಲಿ 1,200 ರೂಪಾಯಿಗೆ ‘ಡಮಾಸ್ಕಸ್’ (ಪದರದ ಉಕ್ಕಿಗೆ ಮಾರುವವರು ಕೊಡುವ ಹೆಸರು) ಎಂಬ ಚಾಕು ತರಿಸಿ ಮೋಸ ಹೋಗಿದ್ದೆ. ನಾಲ್ಕು ತಿಂಗಳು ಉಜ್ಜಿ ತೊಳೆದ ಮೇಲೆ ಅದರ ಮೈಮೇಲಿನ ಅಲೆಯಂಥ ಗೆರೆಗಳೆಲ್ಲ ಮಾಯವಾದವು. ಸಾದಾ ಸ್ಟೀಲಿನ ಮೇಲೆ ಲೇಸರ್‌ನಿಂದ ಗೀಚಿದ ಚಿತ್ರ ಅದು. ನಿಜವಾದ ಪದರದ ಉಕ್ಕಿನಲ್ಲಿ ಗೆರೆಗಳು ಅಲಗಿನ ಮೈಯಿಂದ ಬೆನ್ನಿನ ಮೇಲೂ ಹರಿದು ಆಚೆ ಬದಿಗೆ ಇಳಿಯುತ್ತವೆ. ಕೊಳ್ಳುವವರು ಮೊದಲು ಚಾಕುವಿನ ಬೆನ್ನನ್ನು ನೋಡಬೇಕು. ಅಲ್ಲಿ ಬೋಳಾಗಿದ್ದರೆ ಹಿಂದಿರುಗಿಸಿಬಿಡಿ.

ನನ್ನ ಚಾಕು ತಯಾರಾದ ಎರಡು ದಿನ ನಾನು ಕುಲುಮೆಯ ಪಕ್ಕದಲ್ಲೇ ಕುಳಿತಿದ್ದೆ. ಕಾಕಾ (ಆ ಕಮ್ಮಾರರನ್ನು ನಾನು ಕರೆಯುವುದೇ ಹಾಗೆ) ವರ್ಷವಿಡೀ ಮಾಡುವುದು ಕುಡುಗೋಲು, ಕೊಡಲಿ, ಕುಂಟೆಯ ಅಲಗು. ಈ ಚಾಕುವಿಗೆ ಅವರು ಎರಡು ಬಗೆಯ ಉಕ್ಕಿನ ಪಟ್ಟಿ ತರಿಸಿದ್ದರು. ಒಂದು, ನೂರಕ್ಕೆ ಸುಮಾರು ಒಂದು ಪಾಲು ಇಂಗಾಲವಿರುವ, 1095 ಎಂಬ ಹೆಸರಿನ ಉಕ್ಕು. ಇನ್ನೊಂದು, ಎರಡು ಪಾಲಿನಷ್ಟು ನಿಕ್ಕಲ್ ಬೆರೆತ 15ಎನ್20. ಒಂದರ ಮೇಲೊಂದರಂತೆ ಎಂಟು ಪಟ್ಟಿ ಜೋಡಿಸಿ, ಬಿಳಿಗಾರ ಉದುರಿಸಿ, ಕೆಂಪು ದಾಟಿ ಹಳದಿಗೆ ತಿರುಗುವವರೆಗೆ ಕಾಯಿಸಿದರು. ಬಿಳಿಗಾರ ಕರಗಿ ಗಾಜಿನಂತೆ ಹರಿಯುತ್ತಿತ್ತು. ಪಟ್ಟಿಗಳ ನಡುವಿನ ಕಿಟ್ಟವನ್ನು ಹೊರದೂಡುವುದು ಅದೇ. ನಾನು ಭಾರಿ ಏಟನ್ನೇ ನಿರೀಕ್ಷಿಸಿದ್ದೆ. ಅವರು ಮಗುವಿನ ಬೆನ್ನು ತಟ್ಟುವಂತೆ ಸುತ್ತಿಗೆ ಆಡಿಸಿದರು. “ಮೊದಲ ಏಟು ಜೋರಾಗಿ ಬಿದ್ದರೆ ಪದರಗಳು ಜಾರಿಹೋಗುತ್ತವೆ, ತಂಗೆವ್ವ. ಮೊದಲು ಅವು ಕೂಡಲಿ, ಆಮೇಲೆ ಬಡಿಯೋಣ,” ಎಂದರು. ಕೂಡಿದ ಗಟ್ಟಿಯನ್ನು ಉದ್ದಕ್ಕೆ ಬಡಿದು, ನಾಲ್ಕು ತುಂಡು ಮಾಡಿ, ಮತ್ತೆ ಪೇರಿಸಿ ಬೆಸೆದಾಗ 32 ಪದರ. ಇನ್ನೊಮ್ಮೆ ಹಾಗೆಯೇ ಮಾಡಿದಾಗ 128.

ಹದ ಕೊಡುವ ಹೊತ್ತಿಗೆ ಸಂಜೆಯಾಗಿತ್ತು. ಬಣ್ಣ ಸರಿಯಾಗಿ ಕಾಣಲೆಂದು ಬಾಗಿಲು ಮುಚ್ಚಿದರು. ಕಾದ ಅಲಗಿಗೆ ಅಯಸ್ಕಾಂತ ತಾಗಿಸಿ, ಅದು ಹಿಡಿಯುವುದನ್ನು ಬಿಟ್ಟ ಮೇಲೆ ಇನ್ನೂ ಸ್ವಲ್ಪ ಕಾಯಿಸಿ, ಬೆಚ್ಚಗಿನ ಎಣ್ಣೆಯಲ್ಲಿ ಅದ್ದಿದರು. ನೀರಿನಲ್ಲಿ ಅದ್ದಿದರೆ ಇಷ್ಟು ತೆಳುವಾದ ಅಲಗು ಸೀಳುವ ಭಯ. ಎಣ್ಣೆಯಿಂದ ತೆಗೆದ ಅಲಗು ಗಾಜಿನಷ್ಟು ಬಿರುಸು; ಬಿದ್ದರೆ ಒಡೆಯುತ್ತದೆ. ಆ ಬಿರುಸನ್ನು ಇಳಿಸಲು ಪರಿಚಯದ ಬೇಕರಿಯ ಓವನ್‌ನಲ್ಲಿ 200 ಡಿಗ್ರಿಯ ಆಸುಪಾಸಿನಲ್ಲಿ ಎರಡೆರಡು ಗಂಟೆಯಂತೆ ಎರಡು ಸಲ ಇಟ್ಟರು. ಕೊನೆಯಲ್ಲಿ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿಸಿದಾಗ ಸಾದಾ ಉಕ್ಕು ಕಪ್ಪಾಯಿತು, ನಿಕ್ಕಲ್ ಇರುವ ಪದರ ಬೆಳ್ಳಗೆ ಉಳಿಯಿತು. ತುಂಗಭದ್ರೆಯ ದಡದಲ್ಲಿ ನೀರು ಇಳಿದ ಮೇಲೆ ಮರಳಿನ ಮೇಲೆ ಉಳಿಯುವ ಗೆರೆಗಳನ್ನು ನೋಡಿದವರಿಗೆ ಆ ಚಿತ್ತಾರ ಹೇಗಿತ್ತೆಂದು ಹೇಳಬೇಕಿಲ್ಲ.

ಇದನ್ನು ನಮ್ಮ ಪುರಾತನ ಉಕ್ಕು ಎಂದು ಹೇಳಿ ಮಾರುವವರಿದ್ದಾರೆ. ಅದು ಸರಿಯಲ್ಲ. ಹಿಂದೆ ಕೊಪ್ಪಳ, ರಾಯಚೂರು ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲೇ, ಕೋನಸಮುದ್ರದಂಥ ಊರುಗಳಲ್ಲಿ, ಮಣ್ಣಿನ ಮೂಸೆಯಲ್ಲಿ ಕರಗಿಸಿ ಉಕ್ಕು ಮಾಡುತ್ತಿದ್ದರು. ಇಂಗ್ಲಿಷರ ಬಾಯಲ್ಲಿ ಅದು ‘ವೂಟ್ಜ್’ ಆಯಿತು. ಆ ಹೆಸರು ‘ಉಕ್ಕು’ ಎಂಬ ನಮ್ಮ ಮಾತಿನಿಂದಲೇ ಹುಟ್ಟಿತೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಅದರ ಮೈಮೇಲಿನ ಚಿತ್ತಾರ ಉಕ್ಕಿನ ಒಳಗೇ ಕಾರ್ಬೈಡ್ (ಇಂಗಾಲ ಕೂಡಿದ ಗಟ್ಟಿ ವಸ್ತು) ಕಣಗಳು ಸಾಲುಗಟ್ಟಿ ಮೂಡಿದ್ದು. ನನ್ನ ಚಾಕುವಿನದು ಎರಡು ಉಕ್ಕನ್ನು ಬೆಸೆದು ಬರಿಸಿದ್ದು. ಎರಡೂ ಚೆಂದ, ಆದರೆ ಎರಡೂ ಒಂದಲ್ಲ.

ಇನ್ನು ಬಳಕೆಯ ಮಾತು. ಮೊದಲ ತಿಂಗಳು ನನಗೆ ಅಳು ಬರುವಂತಾಗಿತ್ತು. ಹೆಚ್ಚಿದ ಉಳ್ಳಾಗಡ್ಡಿಯ ಅಂಚು ಬೂದು ಬಣ್ಣಕ್ಕೆ ತಿರುಗುತ್ತಿತ್ತು, ಸೌತೆಕಾಯಿಗೆ ಕಬ್ಬಿಣದ ವಾಸನೆ ಹತ್ತುತ್ತಿತ್ತು. ಊಟಕ್ಕೆ ಬಂದವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ್ದೂ ಉಂಟು. ಹುಳಿಯಾದ ಪುಂಡಿ ಸೊಪ್ಪಂತೂ ಈ ಉಕ್ಕಿನ ವೈರಿ. ಒಂದು ದಿನ ಸೊಪ್ಪು ಹೆಚ್ಚಿ, ಗಿರಾಕಿಗಳ ಗದ್ದಲದಲ್ಲಿ ಚಾಕುವನ್ನು ಹಾಗೆಯೇ ಬಿಟ್ಟಿದ್ದೆ. ಹತ್ತು ನಿಮಿಷದ ನಂತರ ನೋಡಿದರೆ ಸೊಪ್ಪಿನ ದಂಟು ಅಂಟಿಕೊಂಡಿದ್ದ ಕಡೆ ಅದೇ ಆಕಾರದ ಕಂದು ಕಲೆ. ಎಷ್ಟು ಉಜ್ಜಿದರೂ ಅದು ಹೋಗಲಿಲ್ಲ. ಈಗ ಹುಳಿ ಪದಾರ್ಥ ಮುಟ್ಟಿದ ಕೂಡಲೇ ಒದ್ದೆ ಬಟ್ಟೆ, ಅದರ ಹಿಂದೆಯೇ ಒಣ ಬಟ್ಟೆ. ರಾತ್ರಿ ಮಲಗುವ ಮುನ್ನ ಒಂದು ಹನಿ ಕೊಬ್ಬರಿ ಎಣ್ಣೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಅಲಗಿನ ಮೇಲೆ ನೀಲಿ ಬೂದು ಪೊರೆ ಕಟ್ಟಿತು. ಅಲ್ಲಿಂದ ವಾಸನೆಯೂ ಇಲ್ಲ, ಬಣ್ಣ ಬಿಡುವುದೂ ಇಲ್ಲ.

ಹರಿತದ ವಿಷಯದಲ್ಲಿ ನನಗೆ ಎಳ್ಳಷ್ಟೂ ದೂರಿಲ್ಲ. ಅಂಗಡಿಯ ಸ್ಟೀಲ್ ಚಾಕುವನ್ನು ಎರಡು ದಿನಕ್ಕೊಮ್ಮೆ ಮಸೆಯುತ್ತಿದ್ದೆ. ಇದಕ್ಕೆ ಹತ್ತು ಹನ್ನೆರಡು ದಿನಕ್ಕೊಮ್ಮೆ 1000 ಗ್ರಿಟ್‌ನ (ಕಲ್ಲಿನ ನುಣುಪಿನ ಅಳತೆ) ಸಾಣೆಕಲ್ಲು, ಮೇಲೆ 3000ದ ಕಲ್ಲಿನಲ್ಲಿ ನಾಲ್ಕು ಎಳೆತ ಸಾಕು. ಎಣ್ಣೆಗಾಯಿಗೆ ಬದನೆ ಸೀಳುವಾಗ ತೊಟ್ಟಿನ ಹತ್ತಿರ ಕೂದಲೆಳೆಯಷ್ಟು ದೂರದಲ್ಲಿ ಅಲಗನ್ನು ನಿಲ್ಲಿಸಬಲ್ಲೆ. ಉಳ್ಳಾಗಡ್ಡಿ ಜಜ್ಜಿಹೋಗದೆ ತುಂಡಾಗುವುದರಿಂದ ಕಣ್ಣುರಿಯೂ ಕಡಿಮೆ. ಆದರೆ ಇದು ಚಿತ್ತಾರದ ಗುಣವಲ್ಲ. ಒಳ್ಳೆಯ ಹದ, ತೆಳುವಾದ ಬಾಯಿ ಇದ್ದರೆ ಒಂದೇ ಉಕ್ಕಿನ ಚಾಕುವೂ ಇಷ್ಟೇ ಕೆಲಸ ಮಾಡುತ್ತದೆ, ಬೆಲೆ ಅರ್ಧಕ್ಕೆ ಇಳಿಯುತ್ತದೆ. ಕಾಕಾ ಕೂಡ ಇದನ್ನು ಮೊದಲೇ ಹೇಳಿದ್ದರು. ಬೇಕೆಂದು ಹಟ ಹಿಡಿದವಳು ನಾನು. ಆ ಹಟಕ್ಕೆ ನನಗೆ ಬೇಸರವಿಲ್ಲ. ಬೆಳಗಿನ ಐದು ಗಂಟೆಗೆ ಒಬ್ಬಳೇ ಹೆಚ್ಚುತ್ತಾ ಕುಳಿತಾಗ ಆ ಗೆರೆಗಳು ಜೊತೆಗಿರುತ್ತವೆ.

ದೋಷವೂ ಬಂದಿತ್ತು. ಆರನೆಯ ತಿಂಗಳಲ್ಲಿ ಹಿಡಿಕೆಯ ಹತ್ತಿರ ಕೂದಲಿನಂಥ ಕಪ್ಪು ಗೆರೆ ಕಂಡಿತು. ಚಿತ್ತಾರದ ಭಾಗವೇ ಅಂದುಕೊಂಡಿದ್ದೆ. ಉಗುರು ಎಳೆದಾಗ ಸಿಕ್ಕಿಕೊಂಡಿತು, ಒಳಗಿನಿಂದ ತುಕ್ಕಿನ ನೀರು ಬಂತು. ಆ ಒಂದು ಕಡೆ ಪದರ ಬೆಸೆದಿರಲಿಲ್ಲ. ಒಯ್ದು ತೋರಿಸಿದಾಗ ಕಾಕಾ ಒಂದು ಮಾತೂ ಆಡದೆ ಬೇರೆ ಅಲಗು ಮಾಡಿಕೊಟ್ಟರು, ಹಣ ಮುಟ್ಟಲಿಲ್ಲ. ಈಗ ಬಳಸುತ್ತಿರುವುದು ಆ ಎರಡನೆಯ ಅಲಗು. ಇನ್ನೊಮ್ಮೆ ಕೆಲಸದ ಹುಡುಗ ಇದರಿಂದ ತೆಂಗಿನಕಾಯಿ ಒಡೆಯಲು ಹೋಗಿ ಬಾಯಿಯಲ್ಲಿ ಎರಡು ಮಿಲಿಮೀಟರ್ ಚಕ್ಕೆ ಎದ್ದಿತು. ಸಾಣೆ ಹಿಡಿದು ಸರಿ ಮಾಡಲು 200 ರೂಪಾಯಿ ತೆಗೆದುಕೊಂಡರು. ತೆಂಗಿನಕಾಯಿ, ಮೂಳೆ, ಫ್ರಿಜ್‌ನಲ್ಲಿ ಗಡ್ಡೆಕಟ್ಟಿದ ಪದಾರ್ಥ ಇದಕ್ಕೆ ಕೊಡಲೇಬೇಡಿ. ಕುಂಬಳಕಾಯಿಗೆ ನಾನು ಇಂದಿಗೂ ಅತ್ತೆಯ ಕಾಲದ ಈಳಿಗೆ ಮಣೆಯನ್ನೇ ಎಳೆದುಕೊಳ್ಳುತ್ತೇನೆ.

ಮಸೆದು ಮಸೆದು ಬಾಯಿಯ ಹತ್ತಿರ ಚಿತ್ತಾರ ಮಸುಕಾಗಿದೆ. ಮತ್ತೊಮ್ಮೆ ದ್ರಾವಣದಲ್ಲಿ ಅದ್ದಿದರೆ ಮೂಡುತ್ತದೆ, ಪದರ ಒಳಗೇ ಇದೆಯಲ್ಲ. ಹಿಡಿಕೆಯ ಒಂದು ಹಿತ್ತಾಳೆ ಮೊಳೆಯೂ ಸ್ವಲ್ಪ ಸಡಿಲಾಗಿದೆ. ಅಮಾವಾಸ್ಯೆಯಂದು ಕಾಕಾ ಕುಲುಮೆ ಹೊತ್ತಿಸುವುದಿಲ್ಲ. ಅದು ಕಳೆದ ಮರುದಿನ ಎರಡನ್ನೂ ಮಾಡಿಸಿಕೊಂಡು ಬರುತ್ತೇನೆ.