ಟಾರ್ಚ್ ಹವಳ ಕೊಳ್ಳುವ ಮುನ್ನ ಅದರ ಬುಡ ನೋಡಿ

ಉಪ್ಪುನೀರಿನ ಅಕ್ವೇರಿಯಂ ತೊಟ್ಟಿಯಲ್ಲಿ ಸಾಕುವ ಟಾರ್ಚ್ ಹವಳವನ್ನು ಆನ್‌ಲೈನ್‌ನಲ್ಲಿ ತರಿಸಲು ಹೊರಟಿದ್ದರೆ, ಮಾರಾಟಗಾರರು ಕಳಿಸುವ ನೀಲಿ ಬೆಳಕಿನ ಚಿತ್ರವೊಂದನ್ನೇ ನಂಬಿ ಹಣ ಕೊಡಬೇಡಿ. ಚಿನ್ನದ ಬಣ್ಣದ ಎಳೆಗಳು, ತುದಿಯಲ್ಲಿ ಹಸಿರು ಮಣಿಗಳು, ನೀರಿನ ಓಟಕ್ಕೆ ಬಳುಕುವ ಸೊಬಗು. ಚಿತ್ರದಲ್ಲಿ ಕಾಣುವುದು ಇಷ್ಟೇ. ಆ ಜೀವ ಉಳಿಯುತ್ತದೋ ಇಲ್ಲವೋ ಎಂಬುದು ಗೊತ್ತಾಗುವುದು ಎಳೆಗಳ ಕೆಳಗಿರುವ ಸುಣ್ಣದ ಕಾಂಡದಲ್ಲಿ. ನನಗೆ ಮಾರಿದವರು ಆ ಕಾಂಡವನ್ನೇ ಮುಚ್ಚಿ ಕಳಿಸಿದ್ದರು.

ನಾನಿರುವುದು ಅಮೆರಿಕದ ಟೆಕ್ಸಸ್‌ನಲ್ಲಿ. ಇಲ್ಲಿ ತೊಟ್ಟಿಯಲ್ಲಿ ಬೆಳೆಸಿದ ಹವಳವನ್ನು ಕೊಳ್ಳುವುದಕ್ಕೂ ಮಾರುವುದಕ್ಕೂ ಅಡ್ಡಿಯಿಲ್ಲ. 2018ರಲ್ಲಿ ಇಂಡೋನೇಷ್ಯಾ ಜೀವಂತ ಹವಳದ ರಫ್ತನ್ನು ನಿಲ್ಲಿಸಿದಾಗ ಟಾರ್ಚ್‌ಗಳ ಬೆಲೆ ವಿಪರೀತ ಏರಿತು. 2020ರಲ್ಲಿ ರಫ್ತು ಮತ್ತೆ ಆರಂಭವಾಯಿತಾದರೂ ಅಪರೂಪದ ಬಣ್ಣಗಳಿಗೆ ಈಗಲೂ ಒಂದೊಂದು ತಲೆಗೆ (ಕೊಂಬೆಯ ತುದಿಯಲ್ಲಿ ಎಳೆ ಬಿಚ್ಚುವ ಒಂದೊಂದು ಜೀವಕ್ಕೆ) ನೂರಾರು ಡಾಲರ್ ಕೇಳುವವರಿದ್ದಾರೆ. ಇಷ್ಟು ಹಣ ಸಿಗುವಾಗ, ಸಮುದ್ರದಿಂದ ಬಂದ ದೊಡ್ಡ ಗೊಂಚಲನ್ನು ಬಂದ ವಾರವೇ ತಲೆತಲೆಯಾಗಿ ಕೊಯ್ದು, ‘ನಮ್ಮಲ್ಲೇ ಬೆಳೆಸಿದ್ದು’ ಎಂದು ಮಾರುವ ಆಸೆ ಹುಟ್ಟುತ್ತದೆ. ನನ್ನ ಕೈಗೆ ಬಂದದ್ದು ಅಂಥದ್ದೇ ತುಂಡು ಎಂದು ಆಮೇಲೆ ತಿಳಿಯಿತು.

ಎರಡು ತಲೆಗಳಿದ್ದ ಆ ತುಂಡನ್ನು ಹವಳಕ್ಕೆಂದೇ ಬರುವ ಔಷಧದ ನೀರಿನಲ್ಲಿ ಅದ್ದಿ, ಪ್ರತ್ಯೇಕ ತೊಟ್ಟಿಯಲ್ಲಿ ಇಟ್ಟೆ. ಮೊದಲ ಕೆಲವು ದಿನ ಎಳೆಗಳು ಚೆನ್ನಾಗಿ ಅರಳಿದ್ದವು. ಬಳಿಕ ಒಂದು ತಲೆ ಅರ್ಧಕ್ಕೇ ಮುದುಡಿತು. ಮರುದಿನ ಬೆಳಿಗ್ಗೆ ಅದರ ಮೇಲೆ ಕಂದು ಬಣ್ಣದ ಲೋಳೆ ನಿಂತಿತ್ತು, ನೀರು ಅಲುಗಿದಾಗ ದಾರದಂತೆ ಎಳೆಯುತ್ತಿತ್ತು. ಹೊರತೆಗೆದು ಮೂಸಿದರೆ ಸತ್ತ ಮೀನಿನ ವಾಸನೆ. ಹವಳ ಸಾಕುವವರು ಬ್ರೌನ್ ಜೆಲ್ಲಿ ಎಂದು ಕರೆಯುವ ರೋಗ ಇದು. ಆ ಲೋಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹವಳದ ಮಾಂಸವನ್ನು ತಿನ್ನುವ ಸಿಲಿಯೇಟ್ ಎಂಬ ಏಕಕೋಶ ಜೀವಿಗಳು ಕಿಕ್ಕಿರಿದು ಓಡಾಡುತ್ತವೆ. ಟಾರ್ಚ್, ಹ್ಯಾಮರ್, ಫ್ರಾಗ್‌ಸ್ಪಾನ್‌ಗಳಂಥ ದೊಡ್ಡ ಪಾಲಿಪ್‌ನ (ಅಂದರೆ ತಲೆಯ) ಕಲ್ಲುಹವಳಗಳಿಗೆ, ಅದರಲ್ಲೂ ಗಾಯಗೊಂಡಿರುವವಕ್ಕೆ, ಇದು ಬೇಗ ಅಂಟುತ್ತದೆ. ಒಂದೆರಡು ದಿನಗಳಲ್ಲೇ ಇಡೀ ತಲೆ ಕರಗಿ ಬಿಳಿ ಸುಣ್ಣವಷ್ಟೇ ಉಳಿಯುತ್ತದೆ.

ಎರಡೂ ತಲೆಗಳು ಹೋದವು. ನೀರಿನ ಓಟ ಲೋಳೆಯ ಚೂರುಗಳನ್ನು ಅದೇ ತೊಟ್ಟಿಯಲ್ಲಿದ್ದ ಹ್ಯಾಮರ್ ಹವಳದ ಕಡೆಗೆ ಒಯ್ದಿತು, ಅದೂ ಉಳಿಯಲಿಲ್ಲ. ಆ ಹ್ಯಾಮರ್ ಬೇರೆಡೆಯಿಂದ ಬಂದ, ಆರೋಗ್ಯವಾಗಿದ್ದ ಹವಳ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ರೋಗ ಪ್ರತ್ಯೇಕ ತೊಟ್ಟಿಯಲ್ಲೇ ನಿಂತದ್ದರಿಂದ ದೊಡ್ಡ ತೊಟ್ಟಿಯ ಹವಳಗಳು ಬದುಕಿದವು.

ಸತ್ತ ಮೇಲೆ ಕಾಂಡದ ಸುತ್ತ ಮೆತ್ತಿದ್ದ ಗುಲಾಬಿ ಬಣ್ಣದ ಎಪಾಕ್ಸಿ ಅಂಟನ್ನು ಒಡೆದು ನೋಡಿದೆ. ಟಾರ್ಚ್‌ನ ಮಾಂಸ ಬರೀ ತುದಿಯಲ್ಲಿ ಇರುವುದಿಲ್ಲ, ಕೊಂಬೆಯ ಹೊರಮೈಯಲ್ಲಿ ಒಂದಷ್ಟು ಕೆಳಗಿನವರೆಗೂ ಹಬ್ಬಿರುತ್ತದೆ. ಕೊಯ್ಯುವವರು ಆ ಅಂಚಿನಿಂದ ಸಾಕಷ್ಟು ಕೆಳಗೆ, ಮಾಂಸವಿಲ್ಲದ ಸುಣ್ಣದಲ್ಲಿ ಗರಗಸ ಆಡಿಸಬೇಕು. ಇಲ್ಲಿ ಜೀವಂತ ಅಂಚಿಗೆ ತಾಗಿಯೇ ಕೊಯ್ದಿದ್ದರು. ಹರಿದ ಮಾಂಸದ ಮೇಲೆಯೇ ಅಂಟು ಮೆತ್ತಿದ್ದರು. ಕೊಯ್ದ ಜಾಗ ಹಾಲಿನಷ್ಟು ಬೆಳ್ಳಗಿತ್ತು, ಪಾಚಿಯ ಲೇಪದ ಸುಳಿವೂ ಇರಲಿಲ್ಲ. ತಿಂಗಳುಗಟ್ಟಲೆ ತೊಟ್ಟಿಯಲ್ಲಿ ಬೆಳೆದ ತುಂಡಿನ ಬುಡ ಸಾಮಾನ್ಯವಾಗಿ ಹಾಗಿರುವುದಿಲ್ಲ.

ಮಾರಿದವರಿಗೆ ಫೋಟೋಗಳನ್ನು ಕಳಿಸಿ ಕೇಳಿದಾಗ ‘ನಿಮ್ಮ ನೀರಿನ ಆಲ್ಕಲಿನಿಟಿ (ಕ್ಷಾರೀಯತೆ) ಸರಿಯಿಲ್ಲ’ ಎಂಬ ಉತ್ತರ ಬಂತು. ನನ್ನ ನೀರಿನ ಆಲ್ಕಲಿನಿಟಿ 8.5 ಡಿಕೆಎಚ್ (ಅದನ್ನು ಅಳೆಯುವ ಮಾನ), ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ 1.025, ಉಷ್ಣತೆ 25.5 ಡಿಗ್ರಿ ಸೆಲ್ಸಿಯಸ್ ಇತ್ತು; ಈ ಹವಳಕ್ಕೆ ಬೇಕಾದದ್ದೂ ಹೆಚ್ಚುಕಡಿಮೆ ಅದೇ. ‘ತಲುಪುವಾಗ ಜೀವವಿತ್ತು, ಅಲ್ಲಿಗೆ ನಮ್ಮ ಖಾತರಿ ಮುಗಿಯಿತು’ ಎಂದು ಮಾತು ಮುಗಿಸಿದರು. ಇಂಥ ಖಾತರಿಗಳು ಸಾಮಾನ್ಯವಾಗಿ ಪೊಟ್ಟಣ ತಲುಪಿದ ಕೆಲವೇ ಗಂಟೆಗಳಿಗೆ ಸೀಮಿತ. ಹಸಿ ಗಾಯ ಕೊಳೆಯಲು ಅದಕ್ಕಿಂತ ಹೆಚ್ಚು ಸಮಯ ಬೇಕು ಎಂಬುದು ಮಾರುವವರಿಗೆ ಚೆನ್ನಾಗಿ ಗೊತ್ತು.

ಆದ್ದರಿಂದ ಬಿಳಿ ಬೆಳಕಿನಲ್ಲಿ, ಪಕ್ಕದಿಂದ, ಬುಡ ಸ್ಪಷ್ಟವಾಗಿ ಕಾಣುವ ಚಿತ್ರವನ್ನು ಕೇಳಿ ಪಡೆಯಿರಿ. ಕೊಯ್ದ ಜಾಗದ ಮೇಲೆ ನೇರಳೆ ಬಣ್ಣದ ಕೊರಲೈನ್ ಪಾಚಿಯೋ ಕಂದು ಪೊರೆಯೋ ಹಬ್ಬಿರಬೇಕು. ಮಾಂಸದ ಅಂಚು ನುಣ್ಣಗೆ, ತುಂಬಿಕೊಂಡಿರಬೇಕು. ಅಂಚಿನ ಮೇಲೆ ಸುಣ್ಣದ ಚೂಪು ಹಲ್ಲುಗಳು ಇಣುಕುತ್ತಿದ್ದರೆ ಮಾಂಸ ಹಿಂದೆ ಸರಿಯುತ್ತಿದೆ ಎಂದರ್ಥ. ಬುಡವೆಲ್ಲ ಅಂಟಿನಿಂದ ಮುಚ್ಚಿದ್ದರೆ, ಚಿತ್ರ ಕಳಿಸಲು ಹಿಂಜರಿದರೆ, ಆ ವ್ಯವಹಾರವೇ ಬೇಡ. ಕವಲಿಲ್ಲದೆ ಗೋಡೆಯಂತೆ ಬೆಳೆಯುವ ಹ್ಯಾಮರ್‌ನ ತುಂಡನ್ನಂತೂ ಇನ್ನೂ ಅನುಮಾನದಿಂದ ನೋಡಿ. ಅದನ್ನು ಎಲ್ಲಿ ಕೊಯ್ದರೂ ಗರಗಸ ಜೀವಂತ ಮಾಂಸವನ್ನೇ ಸೀಳುತ್ತದೆ, ಗಾಯ ಪೂರ್ತಿ ಮಾಯುವ ಮುನ್ನ ಅದನ್ನು ಮಾರಲೇಬಾರದು.

ನನ್ನ ಹವಳಗಳ ಚಿತ್ರಗಳನ್ನು ನೋಡಿ ಬೆಂಗಳೂರಿನ ನೆಂಟರೊಬ್ಬರು ತಮಗೂ ಒಂದು ಬೇಕೆಂದರು. ಭಾರತದಲ್ಲಿ ಇದು ಬೇರೆಯೇ ವಿಷಯ. ಕಲ್ಲುಹವಳಗಳೆಲ್ಲವೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಅಂದರೆ ಹುಲಿ, ಆನೆಗಳಿರುವ ಪಟ್ಟಿಯಲ್ಲೇ. ಮುರುಡೇಶ್ವರದ ಎದುರಿನ ನೇತ್ರಾಣಿಯಿಂದಾಗಲಿ ಲಕ್ಷದ್ವೀಪದಿಂದಾಗಲಿ ಒಂದು ತುಣುಕು ತಂದರೂ ಅಪರಾಧ. ಸಾಮಾನಿನ ಜೊತೆ ಹೊರದೇಶದಿಂದ ಒಯ್ಯುವುದೂ ಬೇಡ, ಇವುಗಳ ಗಡಿದಾಟಿಗೆ ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಅಂತರರಾಷ್ಟ್ರೀಯ ಒಪ್ಪಂದದ ಪರವಾನಗಿ ಬೇಕು. ಭಾರತದಲ್ಲಿ ಗುಟ್ಟಾಗಿ ಮಾರಲು ಬರುವವರಿದ್ದರೆ ಅವರಿಂದ ದೂರವಿರಿ.

ಬುಡಕ್ಕೆ ದಪ್ಪನೆಯ ಅಂಟು ಮೆತ್ತಿದ ತುಂಡು ಈಗಾಗಲೇ ನಿಮ್ಮ ತೊಟ್ಟಿಯಲ್ಲಿದ್ದರೆ ದಿನವೂ ಬೆಳಿಗ್ಗೆ ಅದನ್ನು ಗಮನಿಸಿ. ಲೋಳೆ ಕಂಡರೆ ಮೊದಲು ಪಂಪುಗಳನ್ನೆಲ್ಲ ನಿಲ್ಲಿಸಿ. ನೀರಿನೊಳಗೇ ಹವಳದ ಸುತ್ತ ಚೀಲ ಹಿಡಿದು, ಲೋಳೆ ಚದುರದಂತೆ ಮೇಲೆತ್ತಿ. ಬೇರೆ ಪಾತ್ರೆಯಲ್ಲಿ, ತೊಟ್ಟಿಯದೇ ನೀರಿನಲ್ಲಿ, ಲೋಳೆಯನ್ನು ಪಿಪೆಟ್‌ನಿಂದ ಹೀರಿ ತೆಗೆಯಿರಿ. ರೋಗ ಹಿಡಿದ ತಲೆಯನ್ನು ಮಾಂಸದ ಅಂಚಿಗಿಂತ ಕೆಳಗೆ ಕತ್ತರಿಸಿ ಎಸೆಯಿರಿ. ಉಳಿದ ತಲೆಗಳನ್ನು ಅಯೋಡಿನ್ ನೀರಿನಲ್ಲಿ ಅದ್ದಿ ಪ್ರತ್ಯೇಕ ತೊಟ್ಟಿಗೆ ಹಾಕಿ. ಪಾತ್ರೆಯ ನೀರಿನ ಒಂದು ಹನಿಯೂ ದೊಡ್ಡ ತೊಟ್ಟಿಗೆ ಮರಳಿ ಹೋಗಬಾರದು.